ಮಣಿಕಟ್ಟಿನ ರಾಗಿ

ದುರ್ಗಿಗುಡಿಯ ನಮ್ಮ ಮೆಡಿಕಲ್ಸಿನಲ್ಲಿ
ಎದುರುಬದುರು ಎರಡು ಶೆಲ್ಫು.
ಎಡದ್ದು ಬಿಳಿಯಾಗುವವರಿಗೆ.
ಬಲದ್ದರ ಕೆಳಗಿನ ಖಾನೆ, ಕೆಮ್ಮಿನ ಸಿರಪ್ಪುಗಳ ಹಿಂದೆ,
ನನ್ನಂಥವರಿಗೆ.

ಎಡಗಡೆ ಡಬ್ಬಿಗಳ ಮೇಲೆ ಮುತ್ತು, ಹಂಸ, ಸೀಳಿದ ಕಿತ್ತಳೆ,
ಗಲ್ಲಕ್ಕೆ ಟ್ಯೂಬ್‌ಲೈಟು ಹಚ್ಚಿಕೊಂಡ ಒಬ್ಬಳು.
ಮೂವತ್ತು ಮಾತ್ರೆಗೆ ಸಾವಿರದೆಂಟುನೂರು.
ಬಲಗಡೆಯದಕ್ಕೆ ಚಿತ್ರವಿಲ್ಲ.
ಡಾಕ್ಟರ ಚೀಟಿ ಬೇಕು, ಹೊಟ್ಟೆಗೆ ತಿಂಡಿ ಬೇಕು,
ಆಮೇಲೆ ಬಿಸಿಲು ಬೇಕು.

ಮಾಚೇನಹಳ್ಳಿ ಗಾರ್ಮೆಂಟ್ಸಿನ ಬಸ್ಸಿಳಿದು
ಏಳೂವರೆಗೆ ಬರುತ್ತಾಳೆ ಸೋನಾಬಾಯಿ,
ತಾಂಡಾದ ಹುಡುಗಿ, ಕತ್ತಿನಲ್ಲಿನ್ನೂ ಐಡಿ ಕಾರ್ಡು,
ಬೆರಳ ತುದಿಗೆ ನೀಲಿ ದಾರದ ಜುಂಗು.
ಪೂರಾ ಡಬ್ಬಿಗೆ ಸಾಲದು ದುಡ್ಡು.
ಐದು ಕತ್ತರಿಸಿ ಕೊಡಿ ಮೇಡಂ,
ಸಂಬಳ ಆದಮೇಲೆ ಇನ್ನೈದು.

ಕೆಲಸ ಮಾಡುತ್ತಾ ಇದು, ಎಂದು ಒಮ್ಮೆ ಕೇಳಿದ್ದಳು.
ಗೊತ್ತಿಲ್ಲಮ್ಮ, ಅಂದೆ.
ಮಾಡಿತು ಅಂದವರು ಮತ್ತೆ ಬಂದರು,
ಮಾಡದಿದ್ದವರು ಬರಲೇ ಇಲ್ಲ,
ಹಾಗಾಗಿ ಲೆಕ್ಕ ಸಿಗುವುದಿಲ್ಲ.
ಮಾಲೀಕರು ಪೇಪರಿನ ಹಿಂದೆ ಕೆಮ್ಮಿದರು.

ಮೊನ್ನೆ ಚಿಲ್ಲರೆ ಎಣಿಸಿ ಕೊಡುವಾಗ
ನನ್ನ ಕೈ ನೋಡಿದಳು.
ಮಣಿಕಟ್ಟಿನಿಂದ ಕೆಳಗೆ, ಗೆಣ್ಣು ಗೆಣ್ಣೂ
ಅಕ್ಕಿಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ.
ಬಸ್ಸಿನಲ್ಲಿ ಪಕ್ಕದವರು ಸೆರಗು ಎಳೆದುಕೊಳ್ಳುವ ಕೈ.
ಮದುವೆಮನೆಯಲ್ಲಿ, ನೀನು ಬಡಿಸೋದು ಬೇಡ,
ಕೂತಿರು ಅನ್ನಿಸಿಕೊಂಡ ಕೈ.
ಅವಳು ಬಗ್ಗಿ, ಕಣ್ಣರಳಿಸಿ, ಮೆಲ್ಲಗೆ,
ಎಷ್ಟು ಬೆಳ್ಳಗಾಗಿದೆ ಮೇಡಂ!
ಯಾವ ಕಂಪನಿದು ತಗೊಂಡ್ರಿ?

ನಗು ಬಂತು.
ಬಂದದ್ದು ನಗುವೇ ಎಂದು
ಮನೆ ಮುಟ್ಟುವ ತನಕ ಅಂದುಕೊಂಡಿದ್ದೆ.

ಭಾನುವಾರ ಎಂಟೂವರೆಗೆ ಅವಲಕ್ಕಿ, ಮೇಲೆರಡು ಮಾತ್ರೆ.
ಹತ್ತೂವರೆಗೆ ತಾರಸಿ.
ಕಪ್ಪು ಕನ್ನಡಕ ಹಾಕಿ, ಸಿಂಟೆಕ್ಸ್ ಟ್ಯಾಂಕಿನ ಪಕ್ಕ
ಕೈ ಚಾಚಿ ಕೂರುತ್ತೇನೆ
ಬಳೆ ತೊಡಿಸಿಕೊಳ್ಳುವವಳ ಹಾಗೆ.
ಮೊದಲ ವಾರ ಐದು ನಿಮಿಷ, ಈಗ ಹದಿನೈದು.
ಅತ್ತ ಓನರಮ್ಮನ ಸಂಡಿಗೆ.
ಕಾಗೆ ಓಡಿಸುತ್ತಾ ನಾಗವೇಣಮ್ಮ ಕೂಗುತ್ತಾರೆ,
ನಿಂದೊಂದು ಕಡೆ ಆಯ್ತಾ, ಮಗುಚಿ ಹಾಕ್ಲಾ?
ಈ ಊರಲ್ಲಿ ನನ್ನ ಕೈಯನ್ನು ತಮಾಷೆ ಮಾಡುವವರು
ಅವರೊಬ್ಬರೇ.
ಬಾಡಿಗೆ ಏರಿಸಿದರೂ ಮನೆ ಬಿಟ್ಟಿಲ್ಲ.

ಜೂನ್ ಹಿಡಿಯಿತೋ, ಮುಗಿಯಿತು.
ಗಾಜನೂರು ಡ್ಯಾಂ ತುಂಬಿತೆಂದು ಊರಿಗೆಲ್ಲ ಖುಷಿ,
ನನಗೆ ಸಿಟ್ಟು.
ಬಿಸಿಲಿಲ್ಲದ ಮಾತ್ರೆ ಬರೀ ಓಕರಿಕೆ,
ಡಬ್ಬಿಯಲ್ಲೇ ಇರುತ್ತದೆ ದಸರಾ ತನಕ.

ಬಣ್ಣ ಬರುವುದು ಗೋಡೆಗೆ ಹೊಡೆದ ಹಾಗಲ್ಲ.
ಒಂದೊಂದು ರೋಮದ ಬುಡದಲ್ಲಿ ಒಂದೊಂದು ಚುಕ್ಕಿ,
ಒಕ್ಕಣೆ ಮುಗಿಸಿ ಹೋದವರ ಕಣದಲ್ಲಿ
ಉಳಿದ ರಾಗಿ.
ಎಣಿಸಿದೆ. ಎಡಗೈಗೆ ಹನ್ನೊಂದು, ಬಲಕ್ಕೆ ನಾಲ್ಕು.
ಯಾರ ಬಣ್ಣ ಇದು ಎಂದು ಬಿಸಿಲಿಗೆ ಹಿಡಿದರೆ
ಅಮ್ಮನದು.
ಶುಕ್ರವಾರ ಶುಕ್ರವಾರ ಕಡಲೆಹಿಟ್ಟು ಹಚ್ಚಿ
ನಿನಗಾದರೂ ಬೇಡವೇ ಇದು ಎಂದು
ನಾನು ಅಳುವ ತನಕ ನನ್ನ ಮೈಯಿಂದ
ಅವಳು ಉಜ್ಜಿ ಉಜ್ಜಿ ತೆಗೆಯುತ್ತಿದ್ದ
ಅದೇ ಕಪ್ಪು.

ಇವತ್ತು ಸೋನಾಬಾಯಿ ಬಂದಳು, ಸಂಬಳದ ದಿನ.
ಕೌಂಟರಿನ ಮೇಲೆ ಕೈಯಿಟ್ಟು, ಮುಟ್ಟಿ ನೋಡೇ, ಅಂದೆ.
ಹೇಳಬೇಕೆಂದು ಎಲ್ಲ ಜೋಡಿಸಿಟ್ಟುಕೊಂಡಿದ್ದೆ.
ಜುಂಗಿನ ಬೆರಳು
ಒಂದು ಚುಕ್ಕಿಯ ಮೇಲೆ ನಿಂತಿತು.
ಅಯ್ಯೋ, ಇಷ್ಟು ಮಾತ್ರ ಉಳ್ಕೊಂಡಿದೆ ಮೇಡಂ,
ಅಂದಳು, ನಿಜವಾದ ಕನಿಕರದಿಂದ,
ಇನ್ನೊಂದು ಡಬ್ಬಿ ತಗೊಳ್ಳಿ, ಇದೂ ಹೋಗುತ್ತೆ.

ಕತ್ತರಿ ಹುಡುಕಿದೆ. ಐದು ಎಣಿಸಿದೆ.
ಅವಳ ಹಿಂದೆ ಒಬ್ಬರು, ಮಗುವಿಗೆ ಕೆಮ್ಮಂತೆ.
ಸಿರಪ್ಪು ತೆಗೆಯಲು
ಬಲಗಡೆಗೆ ಬಗ್ಗಿದೆ.