ಖಾಲಿ ಹೊಟ್ಟೆ

ಬೆಳಗಿನ ಐದೂವರೆಗೆ ನನ್ನ ಸ್ಕೂಟಿ ಲಗ್ಗೆರೆ ಬಿಡುತ್ತದೆ.
ಕಾಲ ಬಳಿ ಐಸ್ ಪೆಟ್ಟಿಗೆ, ಅದರಲ್ಲಿ
ಹಳದಿ ಮುಚ್ಚಳದ ಕೊಳವೆ, ಸೂಜಿ, ಹತ್ತಿ, ಹೆಸರಿನ ಚೀಟಿ.
ನಂದಿನಿ ಬಡಾವಣೆ, ಮಹಾಲಕ್ಷ್ಮಿ ಬಡಾವಣೆ, ರಾಜಾಜಿನಗರ ಆರನೇ ಬ್ಲಾಕು.
ಗೇಟು ತೆಗೆಯುವವರೆಲ್ಲ ಹಸಿದವರು,
ಹಸಿವಿಗಿಂತ ಹೆಚ್ಚು ಕಾಫಿಯಿಲ್ಲದ ಸಿಟ್ಟು.
"ರಾತ್ರಿ ಎಷ್ಟಕ್ಕೆ ಊಟ ಮಾಡಿದ್ರಿ?"
ಎಲ್ಲರೂ ಒಂದು ಗಂಟೆ ಸುಳ್ಳು ಸೇರಿಸುತ್ತಾರೆ.

ಯಂತ್ರದಲ್ಲಿ ತಿರುಗಿ ಬಂದಮೇಲೆ ರಕ್ತ ಎರಡಾಗುತ್ತದೆ:
ಕೆಳಗೆ ಕೆಂಪು, ಮೇಲೆ ತಿಳಿಸಾರಿನಂಥ ಹಳದಿ.
ಒಮ್ಮೊಮ್ಮೆ ತಿಳಿ ಇರುವುದಿಲ್ಲ, ಹಾಲು ಇರುತ್ತದೆ.
ಕಮಲಾನಗರದ ದರ್ಜಿ ಗುರುಮಲ್ಲಪ್ಪ, ಐವತ್ತೆರಡು ಕೆಜಿ,
ಮೂಳೆಗೆ ಅಂಗಿ ತೊಡಿಸಿದ ಹಾಗೆ.
ಅವರದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಕೆನೆ ಕಟ್ಟಿತು.
ಅವರ ಅಣ್ಣನದೂ. ಅಣ್ಣನ ಮಗಳದೂ.
"ತುಪ್ಪ ಕಣ್ಣಲ್ಲಿ ಕಂಡವರಲ್ಲ ನಾವು" ಅಂದರು.
ಡಾಕ್ಟರು ರಿಪೋರ್ಟು ಮಡಚಿದರು:
"ನಮ್ಮ ಕಡೆ ಜನಕ್ಕೆ ಇದು ಜಾಸ್ತಿ ಕಣ್ರೀ,
ತೂಕ ನೋಡಿ ಮೋಸ ಹೋಗಬಾರದು.
ಒಲೆ ಹಚ್ಚೋ ಮೊದಲೇ ಕೆಲವು ಅಡುಗೆ ಆಗಿಹೋಗಿರುತ್ತೆ."

ಅಪ್ಪನ ಹೆಸರು ನಂಜುಂಡಯ್ಯ.
ಉಂಡದ್ದು ಮುದ್ದೆ, ಹುರುಳಿ ಸಾರು, ವರ್ಷಕ್ಕೊಮ್ಮೆ ಕಜ್ಜಾಯ.
ಶ್ರೀರಾಂಪುರದ ಸಂದಿಯಲ್ಲಿ ಸೈಕಲ್ ಶಾಪು.
ರೆಪ್ಪೆಯ ಒಳಮೂಲೆಯಲ್ಲಿ ಎರಡು ಹಳದಿ ಮಚ್ಚೆ,
ಲಕ್ಷ್ಮಿ ಇಟ್ಟ ಅರಿಶಿನ ಅನ್ನುತ್ತಿದ್ದಳು ಅಜ್ಜಿ. ಅವಳಿಗೂ ಇತ್ತು.
ಹಿಮ್ಮಡಿಯ ಮೇಲೊಂದು ಗಂಟು,
ಪೆಡಲು ತಾಗಿ ಆದದ್ದು ಅಂತ ಅವನ ಲೆಕ್ಕ.
ಲಕ್ಷ್ಮಿ ಬರಲಿಲ್ಲ.
ನಲವತ್ತೊಂದಕ್ಕೆ, ದೀಪಾವಳಿಯ ಮಾರನೇ ದಿನ,
ಬೋಗುಣಿಯ ನೀರಲ್ಲಿ ಟ್ಯೂಬು ಅದ್ದಿ
ಗುಳ್ಳೆ ಎಲ್ಲೇಳುತ್ತದೆ ಅಂತ ನೋಡುತ್ತಿದ್ದವನು
ಹಾಗೇ ಮುಂದಕ್ಕೆ ಬಾಗಿದ.

ತಿಥಿಯ ದಿನ ದೊಡ್ಡತ್ತೆ ಎಲೆಯ ಮುಂದೆ ಕೂತು
"ಕರಿದದ್ದು ಅಷ್ಟು ಬಡಿಸಬಾರದಿತ್ತು" ಅಂದಳು.
ಎರಡನೇ ಸಲ ಅನ್ನಲಿಲ್ಲ. ಬೇಕಿರಲೂ ಇಲ್ಲ.
ಅವತ್ತಿನಿಂದ ನಮ್ಮ ಮನೆಯ ಸಾರಿಗೆ ಒಗ್ಗರಣೆಯಿಲ್ಲ.
ಬಾಣಲೆ ಅಟ್ಟದ ಮೇಲೆ, ಬೋರಲು.
ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿದರೆ
ಅಮ್ಮ ಎದ್ದು ಕಿಟಕಿ ಮುಚ್ಚುತ್ತಿದ್ದಳು.

ಹೋದ ತಿಂಗಳು ಲ್ಯಾಬಿಗೆ ಹೊಸ ಯಂತ್ರ ಬಂತು.
ಸರಿಯಿದೆಯಾ ನೋಡಲು ಯಾರದಾದರೂ ರಕ್ತ ಬೇಕಿತ್ತು,
ನನ್ನದೇ ಕೊಟ್ಟೆ.
ಕೆನೆ ಕಟ್ಟಲಿಲ್ಲ. ಗಾಜಿನಷ್ಟು ತಿಳಿ.
ಕೆಟ್ಟ ಕೊಬ್ಬಿನ ಅಂಕಿ ಮಾತ್ರ ಇನ್ನೂರ ಎಂಬತ್ತಾರು.
ಯಂತ್ರವೇ ಕೆಟ್ಟಿರಬೇಕು ಅಂತ ಮತ್ತೊಮ್ಮೆ ಹಾಕಿದೆ.
ಇನ್ನೂರ ಎಂಬತ್ತೈದು.
ಮೇಜಿನ ಕೆಳಗೆ ಚಪ್ಪಲಿ ಕಳಚಿ ಹಿಮ್ಮಡಿ ಒತ್ತಿಕೊಂಡೆ.
ಇತ್ತು. ಹುಣಸೆ ಬೀಜದಷ್ಟು.
ಅಪ್ಪಾ, ಇಷ್ಟು ವರ್ಷ ನನ್ನ ಕಾಲಲ್ಲಿ
ಮಾತಾಡದೆ ಕೂತಿದ್ದೆಯಾ.

ರಾತ್ರಿ ಅಮ್ಮನಿಗೆ ಹೇಳಿದೆ.
ಜೀನು ಅಂದದ್ದು ಅವಳಿಗೆ ಜೇನು ಅಂತ ಕೇಳಿಸಿತು.
ಬಿಡಿಸಿ ಹೇಳಿದೆ: ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ನನಗೆ,
ಲಿವರಿನ ಬಾಗಿಲು ಅರ್ಧ ಮುಚ್ಚಿಕೊಂಡೇ ಹುಟ್ಟಿದವರು ನಾವು,
ಒಳಗೆ ಹೋಗಲಾಗದ ಕೊಬ್ಬು ಬೀದಿಯಲ್ಲೇ ಅಲೆಯುತ್ತದೆ.
ನೂಲಿನಂತೆ ಸೀರೆ ಅಂತ ನೀನೇ ಅನ್ನುತ್ತಿದ್ದೆಯಲ್ಲ.
ಅಮ್ಮ ಸೊಪ್ಪು ಬಿಡಿಸುತ್ತಿದ್ದಳು,
ಬಿಡಿಸಿದ್ದನ್ನೇ ಮತ್ತೆ.
"ಹಂಗಾದ್ರೆ ಕಜ್ಜಾಯ?"
"ಕಜ್ಜಾಯ ಅಲ್ಲಮ್ಮ."
"ನಾಲ್ಕು ತಿಂದಿದ್ರು."
"ತಿನ್ನದಿದ್ದರೂ ಅಷ್ಟೇ ಆಗ್ತಿತ್ತು" ಅಂದೆ.
ಪೂರ್ತಿ ನಿಜವಲ್ಲ ಅದು, ಲ್ಯಾಬಿನವಳಿಗೆ ಗೊತ್ತು.
ಮಗಳಿಗೆ ಅಷ್ಟು ಸಾಕಾಯಿತು.

ಬೆಳಗ್ಗೆ ಲಿಖಿತಳನ್ನು ಎಬ್ಬಿಸಿದೆ. ಒಂಬತ್ತು ವರ್ಷ.
ರೆಪ್ಪೆಯ ಮೂಲೆ ನೋಡಿದೆ: ಏನಿಲ್ಲ, ಪಿಸುರು ಮಾತ್ರ.
ಹದಿನಾರು ವರ್ಷ ಯಾರ ತೋಳಿಗೂ ನಡುಗದ ಕೈ
ಅವಳ ತೋಳಿಗೆ ಪಟ್ಟಿ ಕಟ್ಟಲು ಎರಡು ಸಲ ತಪ್ಪಿತು.
"ಹಾಲು?" "ಆಮೇಲೆ."
"ಬಿಸ್ಕತ್ತು?" "ಆಮೇಲೆ."
"ನೀರಾದ್ರೂ ಕುಡೀಬಹುದಾ?"

ಕುಡಿ ಮಗಳೇ,
ನೀರು ಕುಡಿಯಬಹುದು.