ದಿಂಬಿನ ಕೆಳಗೆ

ಆರು ವರ್ಷದ ಓಬಳೇಶನ ಫೈಲು
ಸ್ಕೂಟಿಯ ಡಿಕ್ಕಿಯಲ್ಲಿ, ನನ್ನ ಬುತ್ತಿಯ ಪಕ್ಕ.
ದಾವಣಗೆರೆಯಲ್ಲಿ ಇವತ್ತು ಮೂರು ಮನೆ.

ಎಲ್ಲ ಕಡೆ ಕೇಳುವುದು ಒಂದೇ, ಫಾರಮಿನಲ್ಲಿ ಇಲ್ಲದ್ದು:
ಹುಡುಗ ದಿಂಬಿನ ಕೆಳಗೆ ರೊಟ್ಟಿ ಬಚ್ಚಿಡುತ್ತಾನೆ,
ಏನು ಮಾಡುತ್ತೀರಿ?

ವಿದ್ಯಾನಗರದಲ್ಲಿ ಹೊಸ ಮಂಚ, ಗೋಡೆಯ ಮೇಲೆ ಜಿರಾಫೆ.
"ಬಿಡಿಸ್ತೀವಿ ಬಿಡಿ, ಹದಿನೈದು ದಿನ ಸಾಕು."
ಗೇಟಿನ ತನಕ ಬಂದು, ಮೆಲ್ಲಗೆ: "ಯಾವ ಪೈಕಿ?"

ನಿಟುವಳ್ಳಿಯ ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು.
ತೀರಿಹೋದ ಮಗನ ಅಂಗಿಗಳು
ಇಸ್ತ್ರಿಯ ಮಡಿಕೆ ಬಿಚ್ಚದೆ ಕಪಾಟಿನಲ್ಲಿವೆ.
ಆ ಪ್ರಶ್ನೆ ಕೇಳಲೇ ಇಲ್ಲ. ನೀರು ಕುಡಿದು ಎದ್ದೆ.

ಮಂಡಕ್ಕಿ ಭಟ್ಟಿಯ ಹಿಂದಿನ ಸಾಲಲ್ಲಿ ಉಚ್ಚೆಂಗೆಮ್ಮ.
ಒಂದೇ ಕೋಣೆ, ಹೊಗೆ, ಕಾದ ಮರಳಲ್ಲಿ ಅಕ್ಕಿ ಸಿಡಿವ ಸದ್ದು.
ಪೆನ್ನು ತೆಗೆದರೆ ಯಾವ ಕಾಲಮ್ಮಿಗೂ ಅಂಕ ಸಾಲದು.
ಕೇಳಿದೆ.
ಆಕೆ ಸೆರಗಿಗೆ ಕೈ ಒರೆಸಿ
ಮಾಡದಿಂದ ಸ್ಟೀಲಿನ ಡಬ್ಬಿ ಇಳಿಸಿದಳು:
"ಮುಚ್ಚಳ ಬಿಗಿ ಐತ್ರಿ. ಇರುವೆ ಹತ್ತಂಗಿಲ್ಲ."

ಮಂಗಳವಾರ ಸಮಿತಿ ಕೂರುತ್ತದೆ.
ಹೊಗೆಯ ಬಗ್ಗೆ ಕೇಳುತ್ತಾರೆ, ಕೇಳಬೇಕಾದ್ದೇ.
ಡಬ್ಬಿಯನ್ನು ಎಲ್ಲಿ ಬರೆಯಲಿ?
"ಇತರೆ" ಎಂಬುದರ ಮುಂದೆ
ಅರ್ಧ ಗೆರೆಯಷ್ಟು ಜಾಗವಿದೆ.