ಎಷ್ಟು ಎಚ್‌ಪಿ

ಅಪ್ಪನ ಅಂಗಡಿಯಲ್ಲಿ ದರ ಕೇಳುವವರೇ ಇರಲಿಲ್ಲ.
ಬನ್ನಿಮಂಟಪದ ಆ ತಗಡಿನ ಬಾಗಿಲ ಮೇಲೆ
ನೀಲಿ ಬಣ್ಣದಲ್ಲಿ ಬರೆದಿತ್ತು:
ಒಂದು ಎಚ್‌ಪಿಗೆ ಇಷ್ಟು, ಮೂರಕ್ಕೆ ಇಷ್ಟು, ಐದಕ್ಕೆ ಇಷ್ಟು.
ಸುಟ್ಟ ಮೋಟಾರನ್ನು ಸೈಕಲ್ಲಿಗೆ ಕಟ್ಟಿ ತಂದವನು
ಓದಿಕೊಂಡು, ತಲೆಯಾಡಿಸಿ, ಇಳಿಸುತ್ತಿದ್ದ.

ನಾನು ಶಾಲೆಯಿಂದ ಬಂದು ಸುತ್ತು ಎಣಿಸುತ್ತಿದ್ದೆ.
ಎಂಬತ್ತೆರಡು, ಎಂಬತ್ತಮೂರು,
ಸೀನು ಬಂದರೂ ನುಂಗಬೇಕು.
"ಒಂದು ಸುತ್ತು ತಪ್ಪುದ್ರೆ ಪಂಪು ಕಾದೋಯ್ತದೆ ಕಣವ್ವ,
ಗದ್ದೆಯೋನು ನಿನ್ನ ಬೈಯಾಕಿಲ್ಲ, ನನ್ನ ಬೈತಾನೆ."
ಸೀಗೆಪುಡಿ ಹಾಕಿ ಉಜ್ಜಿದರೂ
ನನ್ನ ಜಡೆಯಿಂದ ವಾರ್ನಿಷಿನ ವಾಸನೆ ಹೋಗುತ್ತಿರಲಿಲ್ಲ.

ಈಗ ಅದೇ ಬೆರಳಿಗೆ ಸಣ್ಣ ಕೆಲಸ.
ಚೌಕಟ್ಟಿಗೆ ಇಪ್ಪತ್ತು ಗೇಜಿನ ತಾಮ್ರ,
ಹೆಣೆಯೋದಕ್ಕೆ ಇಪ್ಪತ್ತೆಂಟರದು,
ನಡುವೆ ಬೆಣಚುಕಲ್ಲು.
ಅಂಗಡಿಯವರು ಸ್ಫಟಿಕ ಅಂತಾರೆ. ನಮಗೆ ಅದು
ಕತ್ತಲಲ್ಲಿ ಒಂದಕ್ಕೊಂದು ಉಜ್ಜಿ ಬೆಳಕು ನೋಡಿ
ಮೂಗಿಗೆ ಹಿಡಿದು ಸುಟ್ಟ ವಾಸನೆ ಎಳೆದುಕೊಂಡ ಕಲ್ಲು.
ತೂತು ಕೊರೆಯಲ್ಲ, ಬಿರುಕು ಬಿಡುತ್ತೆ.
ಸೊಂಟಕ್ಕೆ ತಂತಿ ಹಿಡಿದು, ಹೆಗಲ ಹತ್ತಿರ ದಾಟಿಸಿ,
ನೆತ್ತಿಯ ಮೇಲೊಂದು ಕುಣಿಕೆ.
ಬಿಗಿ ಹೆಚ್ಚಾದರೆ ತಂತಿ ತುಂಡು,
ಕಮ್ಮಿಯಾದರೆ ಕಲ್ಲು ಯಾರದೋ ಬಚ್ಚಲಲ್ಲಿ.

ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ.
ಕಲ್ಲು ಅರವತ್ತು. ತಂತಿ, ತುಂಡಾದದ್ದೂ ಸೇರಿ, ಮೂವತ್ತೈದು.
ದಾರ, ಡಬ್ಬಿ, ಗೋಕುಲಂಗೆ ಬಸ್ಸು: ಐವತ್ತೈದು.
ಆಮೇಲೆ 'ಕೈ' ಅಂತ ಬರೆದು
ಎದುರಿಗೆ ಏನೂ ಬರೆಯದೆ
ಅನ್ನಕ್ಕಿಡಲು ಎದ್ದು ಹೋದೆ.
ಬಂದು ನೋಡಿದರೆ ಇನ್ನೂ ಖಾಲಿ. ಯಾರು ಬರೆದಾರು?
ಒಂದು ಡಾಲರಿಗೆ ಎಷ್ಟು ಎಚ್‌ಪಿ?

"ತಂತಿಗೆ ಇಷ್ಟಾ?" ಅಂದಳು ಓರಗಿತ್ತಿ ಪಂಕಜಾಕ್ಷಿ,
"ಈ ದುಡ್ಡಿಗೆ ಬೆಳ್ಳಿ ಕಾಲುಂಗುರವೇ ಬರುತ್ತೆ."
ಹೋಗುವಾಗ, "ನನಗೊಂದು ಸುಮ್ಮನೆ ಮಾಡಿಕೊಡು."
ಮಾಡಿಕೊಟ್ಟೆ. ಎರಡು ಸಂಜೆ.

ಗೋಕುಲಂನ ಫುಟ್‌ಪಾತಿನಲ್ಲಿ ಭಾನುವಾರ
ಪಕ್ಕದ ಹಾಸಿನ ವಿನುತ ಇದು ಎದೆಭಾರಕ್ಕೆ, ಇದು ನಿದ್ದೆಗೆ ಅಂತ
ಸಾವಿರದೆಂಟುನೂರಕ್ಕೆ ಮಾರುತ್ತಾಳೆ.
"ನೀನೂ ಹೇಳಕ್ಕ, ಬಾಯಿಗೇನು ಬಾಡಿಗೆಯಾ?"
ನನ್ನದನ್ನು ಯೋಗದ ಚಾಪೆ ಹೊತ್ತ ಒಬ್ಬ ಹುಡುಗ
ಹಿಂದೆ ಮುಂದೆ ತಿರುವಿ ನೋಡಿದ.
ಬರೀ ಮುನ್ನೂರೈವತ್ತಾ? ಹಾಗಾದರೆ ಅಸಲಿ ಅಲ್ಲ,
ಅಂತ ಮೆಲ್ಲಗೆ ಕೆಳಗಿಟ್ಟು ಹೋದ.
ಕೋಪವೂ ಇರಲಿಲ್ಲ ಪಾಪ.

ಮಧ್ಯಾಹ್ನ ಒಬ್ಬಳು ಬಂದಳು. ಕೆ.ಆರ್. ಆಸ್ಪತ್ರೆಯಲ್ಲಿ ನರ್ಸಂತೆ,
ನೈಟ್ ಡ್ಯೂಟಿಯ ಕಣ್ಣು.
"ಇದು ನಿದ್ದೆ ಬರಿಸುತ್ತಾ?"
ಹೌದು ಅನ್ನೋದು ನಾಲಿಗೆ ತುದಿವರೆಗೂ ಬಂದಿತ್ತು.
"ಇಲ್ಲಮ್ಮ, ಕಲ್ಲು. ಬೆವರಿಗೆ ಕತ್ತು ಒಂಚೂರು ಹಸಿರಾಗುತ್ತೆ,
ಸೋಪು ಹಾಕಿದರೆ ಹೋಗುತ್ತೆ.
ತಂತಿ ಸಡಿಲಾದರೆ ತನ್ನಿ. ಆರು ತಿಂಗಳು ಗ್ಯಾರಂಟಿ."
ವಿನುತ ನಕ್ಕ ನಗೆಗೆ ಅವಳ ಮಣಿಸರಗಳೆಲ್ಲ ಅಲುಗಿದವು.
ಗ್ಯಾರಂಟಿ! ಅಪ್ಪನ ಮಾತು, ನನ್ನ ಬಾಯಲ್ಲಿ.
ಎಷ್ಟು ಅಂದಳು ನರ್ಸು.
ಆರುನೂರೈವತ್ತು, ಅಂದುಬಿಟ್ಟೆ.
ಯಾರದೋ ಜೇಬಿಗೆ ಕೈಹಾಕಿದ ಹಾಗೆ ಎದೆ ಹೊಡೆದುಕೊಂಡಿತು.
ಕೊಟ್ಟಳು. ಅಲ್ಲೇ ಕೊರಳಿಗೆ ಹಾಕಿಕೊಂಡು
ಆಕಳಿಸುತ್ತಾ ಬಸ್ಸು ಹತ್ತಿದಳು.

ರಾತ್ರಿ ಇನ್ನೊಂದನ್ನು ಅಪ್ಪನ ಕೈಗಿಟ್ಟೆ.
ಕಣ್ಣಿಗೆ ಪೊರೆ. ಉಗುರಿನಿಂದಲೇ ಎಣಿಸಿದರು.
"ಈ ಕಡೆ ಹದಿನಾಲ್ಕು. ಆ ಕಡೆ ಹದಿಮೂರು."
ಎಷ್ಟಕ್ಕೆ ಹೋಯ್ತು? ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದು,
"ಒಂದು ಎಚ್‌ಪಿಗೆ ನಾನು ಅಷ್ಟು ತಕ್ಕಂಡಿದ್ದು
ಅಂಗಡಿ ಮುಚ್ಚೋ ವರ್ಷ."
ಬೇಜಾರೋ ಖುಷಿಯೋ ಗೊತ್ತಾಗಲಿಲ್ಲ.
ವಾಪಸ್ಸು ಕೊಡುವಾಗಲೂ ಹೆಬ್ಬೆರಳು ಆ ಹದಿಮೂರರ ಮೇಲೇ.

ಬಿಚ್ಚಿ ಮತ್ತೆ ಸುತ್ತಿದೆ.
ಬಿಲ್ಲಿನ ಹಿಂದೆ, ಕೈ ಎದುರಿಗೆ, ಇನ್ನೂರು ಬರೆದು
ಹೊಡೆದು ಹಾಕಿ, ಐನೂರು ಬರೆದು,
ಪಕ್ಕದಲ್ಲಿ ಸಣ್ಣದಾಗಿ:
ಹದಿನಾಲ್ಕು, ಹದಿನಾಲ್ಕು.